ಕಿಟಕಿಗೆ ಕಟ್ಟಿದ ಪಂಚೆ

ಬೊಂಬೆ ತಾತನಿಗೆ ಹುಬ್ಬಿರಲಿಲ್ಲ. ರೆಪ್ಪೆಯ ಕೂದಲೂ ಇರಲಿಲ್ಲ. ಚಿಕ್ಕಂದಿನಿಂದ ಪರದೆಯ ಹಿಂದೆ ದೀಪದ ಬುಡದಲ್ಲಿ ಮುಖವಿಟ್ಟುಕೊಂಡು ತೊಗಲು ಬೊಂಬೆ ಆಡಿಸಿ ಆಡಿಸಿ ಅವೆಲ್ಲ ಸೀದುಹೋಗಿದ್ದವು. ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಬಂದದ್ದೂ ಗೊತ್ತಾಗುವುದಿಲ್ಲ, ನಗು ಬಂದದ್ದೂ ಗೊತ್ತಾಗುವುದಿಲ್ಲ. ಮೊದಲ ಸಲ ನೋಡಿದಾಗ ನಾನು ಅಜ್ಜಿಯ ಸೀರೆಯೊಳಗೆ ಹೊಕ್ಕುಬಿಟ್ಟಿದ್ದೆ.

ಅವನು ನಮ್ಮೂರಿಗೆ ಬಂದದ್ದು ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ವರ್ಷ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಕ್ಕೆ ತಿರುಗಿದರೆ ನಮ್ಮೂರು. ಅಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ಶಿವಪುರಕ್ಕೆ ಹೋಗಿದ್ದ. ಮಗ ಪೊಲೀಸರ ಕೈಗೆ ಸಿಗುತ್ತಾನೋ, ಬಾವುಟ ಹೊತ್ತು ಮನೆಗೇ ತರುತ್ತಾನೋ ಎಂದು ಅಜ್ಜಿ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಅಪ್ಪ ತಂದದ್ದು ಬಾವುಟವನ್ನಲ್ಲ, ದಾರಿಯಲ್ಲಿ ಕಾಲುನೋವಿನಿಂದ ಕೂತಿದ್ದ ಈ ಮನುಷ್ಯನನ್ನು ಮತ್ತು ಅವನ ಬಿದಿರು ಪುಟ್ಟಿಯನ್ನು. ಪುಟ್ಟಿಯಲ್ಲಿ ಬೊಂಬೆಗಳಿದ್ದವು. ಮಂಡ್ಯದಲ್ಲಿ ಸಿನಿಮಾ ಡೇರೆ ಬಂದ ಮೇಲೆ ಅವರ ಮೇಳ ಒಡೆದು ದಿಕ್ಕಾಪಾಲಾಗಿತ್ತಂತೆ. ರಾಮ, ರಾವಣ, ಆಂಜನೇಯ ಎಲ್ಲರನ್ನೂ ದಾಯಾದಿಗಳು ಹಂಚಿಕೊಂಡು, ಇವನ ಪಾಲಿಗೆ ಇವನೇ ಕೊರೆದ, ಯಾರಿಗೂ ಬೇಡವಾದ ಬೊಂಬೆಗಳನ್ನು ಉಳಿಸಿದ್ದರು.

ಊರ ಹೊರಗಿನ ಹಾಳು ಮಂಟಪದಲ್ಲಿ ತಾತ ಉಳಿದುಕೊಂಡ. ಹೊಳೆಯಲ್ಲಿ ಮೀನು ಹಿಡಿದು ಮನೆಮನೆಗೆ ಕೊಟ್ಟು ರಾಗಿ ಈಸಿಕೊಳ್ಳುತ್ತಿದ್ದ. ತಾತ ಎನ್ನುವಷ್ಟು ವಯಸ್ಸೇನೂ ಆಗಿರಲಿಲ್ಲ, ತಲೆ ಬೇಗ ನೆರೆತಿತ್ತು ಅಷ್ಟೆ. ಮಾತು ಕಡಿಮೆ. ಯಾರಾದರೂ “ಉಂಡ್ಯಾ?” ಅಂದರೆ “ಉಂಡೆ” ಅನ್ನುತ್ತಿದ್ದ, ಉಂಡಿರದಿದ್ದರೂ. ಮೀನಿಗೆ ತೂಕ ಕಡಿಮೆಯಾಯಿತೆಂದು ಹೆಂಗಸರು ರೇಗಿದರೆ ಇನ್ನೊಂದು ಮೀನು ಹಾಕಿ ಸುಮ್ಮನೆ ಹೋಗುವನು. ಇಂಥ ಗೋವಿನಂಥ ಮನುಷ್ಯ ದೀಪ ಹಚ್ಚುವ ಹೊತ್ತಿಗೆ ಮಂಟಪದ ಕಂಬಗಳಿಗೆ ಬಿಳಿ ಪಂಚೆ ಕಟ್ಟಿ ಅದರ ಹಿಂದೆ ಕೂತುಬಿಟ್ಟನೆಂದರೆ, ಊರಿನ ಮಕ್ಕಳೆಲ್ಲ ಉಚ್ಚೆ ಹೊಯ್ದುಕೊಳ್ಳುವಷ್ಟು ಹೆದರಬೇಕು, ಹಾಗೆ ಹೆದರಿಸುತ್ತಿದ್ದ.

ಆಟಕ್ಕೆ ಅವನು ಕೇಳುತ್ತಿದ್ದದ್ದು ಎಣ್ಣೆ. ಯುದ್ಧ ಶುರುವಾಗಿ ಸೀಮೆಎಣ್ಣೆ ಕಣ್ಣಿಗೆ ಕಾಣದಾಗಿದ್ದ ಕಾಲ. ಮಕ್ಕಳು ಮನೆಯಿಂದ ಕರಟದಲ್ಲಿ ಒಂದಿಷ್ಟು ಹೊಂಗೆ ಎಣ್ಣೆ ಕದ್ದೋ ಕೇಳಿಯೋ ತರಬೇಕು. ತಂದ ಎಣ್ಣೆ ಎಷ್ಟು ಹೊತ್ತು ಉರಿಯುತ್ತದೋ ಅಷ್ಟು ಹೊತ್ತು ಕಥೆ. ದೀಪ ಸಣ್ಣಗಾದ ಜಾಗದಲ್ಲಿ ಕಥೆ ನಿಲ್ಲುತ್ತಿತ್ತು. ಮರುದಿನ ಅಲ್ಲಿಂದ ಮುಂದಕ್ಕೆ. ಹೀಗೆ ವರ್ಷಗಟ್ಟಲೆ ಒಂದೇ ಕಥೆ ನಡೆಯಿತು.

ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣನ ಬೊಂಬೆಗೆ ಕೆಂಪು ಅಂಗಿ, ತಂಗಿಯದಕ್ಕೆ ಹಸಿರು ಲಂಗ. ಮೇಕೆಯ ತೊಗಲನ್ನು ಅಷ್ಟು ತೆಳ್ಳಗೆ ಹದ ಮಾಡಿದ್ದರಿಂದ ದೀಪದ ಬೆಳಕು ಬಣ್ಣದೊಳಗಿಂದ ಹಾಯ್ದು ಬರುತ್ತಿತ್ತು. ಈ ಇಬ್ಬರು ಸಂಜೆ ಕರು ಹುಡುಕಿಕೊಂಡು ಮನೆಯಿಂದ ಹೊರಟರು. ಹೊರಡುವಾಗ ಬಾಗಿಲಲ್ಲಿ ನಿಂತು “ಅವ್ವಾ, ಬತ್ತೀವಿ” ಅನ್ನುವ ಬದಲು “ಅವ್ವಾ, ಓಯ್ತೀವಿ” ಅಂದುಬಿಟ್ಟರು. ಅಷ್ಟೇ ಅವರು ಮಾಡಿದ ತಪ್ಪು.

“ದಾರಿ ಕಿವಿ ಕೊಟ್ಟು ಕೇಳುಸ್ಕತ್ತದೆ ಕಣ್ರಲಾ” ಎಂದು ಪರದೆಯ ಹಿಂದಿನಿಂದ ತಾತನ ದನಿ ಬರುತ್ತಿತ್ತು. “ಬತ್ತೀನಿ ಅಂದೋರ್ಗೆ ವಾಪಸ್ ಬರೋ ದಾರಿ ಮಡಗಿರ್ತದೆ. ಓಯ್ತೀನಿ ಅಂದೋರ್ಗೆ ಇಂದ್‌ಇಂದೇ ಅಳಿಸ್ಕಂಡ್ ಓಯ್ತದೆ.”

ಹಾಗೆ ದಾರಿ ಅಳಿಸಿಹೋದ ಅಣ್ಣತಂಗಿ ಮಂಕುಸೀಮೆ ಸೇರಿದರು. ಅದು ನಮ್ಮ ಸೀಮೆಯ ಹಾಗೆಯೇ ಇತ್ತು: ನಾಲೆ, ಕಬ್ಬಿನ ಗದ್ದೆ, ಕತ್ತಾಳೆ ಬೇಲಿ. ಆದರೆ ಅಲ್ಲಿ ಬೆಳಕು ಹರಿಯುವುದಿಲ್ಲ, ಪೂರಾ ಕತ್ತಲೂ ಆಗುವುದಿಲ್ಲ. ಒಬ್ಬಳು ಮುದುಕಿ ಬರಿಗಲ್ಲು ಬೀಸುತ್ತಾ ಕೂತಿರುತ್ತಾಳೆ. ಅವಳ ರಾಗಿಕಲ್ಲು ಸುತ್ತಿದ ಹಾಗೆಲ್ಲ ಕೇಳಿಸಿಕೊಂಡವರಿಗೆ ಒಂದೊಂದು ಹೆಸರು ಮರೆತುಹೋಗುತ್ತದೆ. ಮೊದಲು ದನದ ಹೆಸರು, ಆಮೇಲೆ ಊರಿನ ಹೆಸರು. ತಂಗಿಗೆ ಅಣ್ಣನ ಹೆಸರು ಮರೆತ ಸಂಜೆ ನಾವ್ಯಾರೂ ಮನೆಯಲ್ಲಿ ಉಣ್ಣಲಿಲ್ಲ.

ಎಲ್ಲಕ್ಕಿಂತ ಭಯವಾಗುತ್ತಿದ್ದದ್ದು ಕಣ್ಣಿಲ್ಲದವನು ಬಂದಾಗ. ಬೊಂಬೆ ಮಾಡುವವರು ಕಣ್ಣನ್ನು ಕೊನೆಗೆ ಕೊರೆಯುತ್ತಾರಂತೆ, ಕಣ್ಣು ಕೊರೆದ ಮೇಲೇ ಬೊಂಬೆಗೆ ಜೀವವಂತೆ. ಈ ಒಂದು ಬೊಂಬೆಗೆ ಮಾತ್ರ ತಾತ ಕಣ್ಣು ಕೊರೆದಿರಲಿಲ್ಲ. ಮಿಕ್ಕ ಬೊಂಬೆಗಳ ಕಣ್ಣಲ್ಲಿ ದೀಪ ಮಿನುಗುತ್ತಿತ್ತು, ಇವನ ಮುಖ ಇಡಿಯಾಗಿ ಕಪ್ಪಗಿತ್ತು. ಕಣ್ಣಿಲ್ಲದವನು ಕಿರುಚುವುದಿಲ್ಲ, ಹಲ್ಲು ತೋರಿಸುವುದಿಲ್ಲ. ಅವ್ವನ ದನಿಯಲ್ಲಿ ಕರೆಯುತ್ತಾನೆ. “ಇಟ್ಟು ಆರೋಯ್ತದೆ, ಬನ್ರಪ್ಪಾ” ಅನ್ನುತ್ತಾನೆ. ಹಿಟ್ಟೆಂದರೆ ನಮ್ಮಲ್ಲಿ ರಾಗಿಮುದ್ದೆ. ನಮ್ಮ ಸೀಮೆಯ ಯಾವ ತಾಯಿ ಸಂಜೆಗೆ ಹಾಗೆ ಕರೆಯುವುದಿಲ್ಲ? ಆಟ ಮುಗಿಯುವ ಹೊತ್ತಿಗೆ ಸರಿಯಾಗಿ ಊರಿನ ಎಲ್ಲ ಬಾಗಿಲುಗಳಿಂದಲೂ ಅದೇ ಕೂಗು. ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತುಬಿಡುತ್ತಿದ್ದೆವು, ಕರೆದ ಅವ್ವ ಹೊರಗೆ ಬಂದು ಬೆಳಕಲ್ಲಿ ಕಣ್ಣು ತೋರಿಸುವ ತನಕ ಒಬ್ಬರೂ ಒಳಗೆ ಕಾಲಿಡುತ್ತಿರಲಿಲ್ಲ. ಹೆಂಗಸರು ತಾತನಿಗೆ ಹಿಡಿಶಾಪ ಹಾಕಿದರು. ತಾತ ಅವರಿಗೂ ಒಂದೊಂದು ಮೀನು ಜಾಸ್ತಿ ಕೊಟ್ಟ.

ಅಷ್ಟು ಹೆದರುತ್ತಿದ್ದವರು ದಿನವೂ ಯಾಕೆ ಹೋಗುತ್ತಿದ್ದೆವು ಎಂದರೆ ಏನು ಹೇಳಲಿ? ಮನೆಯಲ್ಲಿ ದೊಡ್ಡವರು ಎಲ್ಲದಕ್ಕೂ “ಏನೂ ಆಗಲ್ಲ ಬುಡು” ಅನ್ನುತ್ತಿದ್ದರು. ಆದರೆ ಆಗುತ್ತಿತ್ತು. ನಾಲೆ ಬಂದ ಮೇಲೆ ಗದ್ದೆ ಹಸಿರಾಯಿತು, ಜೊತೆಗೆ ಚಳಿಜ್ವರವೂ ಬಂತು. ನಮ್ಮ ಜೊತೆ ಕುಂಟೆಬಿಲ್ಲೆ ಆಡಿದ ಹುಡುಗಿ ಮುಂದಿನ ತಿಂಗಳು ಇರುತ್ತಿರಲಿಲ್ಲ, ಅವಳ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಮಕ್ಕಳು ಕಳೆದುಹೋಗುತ್ತಾರೆ ಎಂದು ನಮಗೆ ನೇರವಾಗಿ ಹೇಳಿದವನು ತಾತನೊಬ್ಬನೇ. ಕಳೆದುಹೋದರೂ ಒಬ್ಬರ ಕೈ ಒಬ್ಬರು ಹಿಡಿದಿರಬಹುದು ಎಂದು ಹೇಳಿದವನೂ ಅವನೇ. ಅದನ್ನು ಕೇಳಲು ನಾನು ಅಜ್ಜಿಯ ಎಣ್ಣೆಯನ್ನು ಇನ್ನೂ ಎಷ್ಟಾದರೂ ಕದಿಯಲು ತಯಾರಿದ್ದೆ.

ಊರಿನ ಮಕ್ಕಳೆಲ್ಲ ‘ಓಯ್ತೀನಿ’ ಎಂಬ ಮಾತನ್ನೇ ಬಿಟ್ಟೆವು. ಹಿತ್ತಿಲಿಗೆ ಹೋಗುವಾಗಲೂ “ಬತ್ತೀನಿ ಕಣವ್ವ.” ದೊಡ್ಡವರಿಗೂ ಅದು ಹೊಸದಲ್ಲ, ಹೊರಡುವವರು ಹೋಗುತ್ತೇನೆ ಅನ್ನಬಾರದೆಂಬುದು ಹಳೆಯ ರೂಢಿಯೇ. ಆ ಭಯಕ್ಕೆ ಕ್ಯಾರೇ ಅನ್ನದೆ ಇದ್ದವನು ನನ್ನ ತಮ್ಮನೊಬ್ಬನೇ. ನಾಲ್ಕೈದು ವರ್ಷದ ತರಲೆ. ಹೊಸಿಲ ಮೇಲೆ ನಿಂತು, ಅವ್ವನ ಮುಖ ನೋಡಿಕೊಂಡು, “ಓಯ್ತೀನಿ, ಓಯ್ತೀನಿ, ಓಯ್ತೀನಿ” ಎಂದು ಕುಣಿಯುತ್ತಿದ್ದ. ಅವ್ವ ಓಡಿಬಂದು ಬಾಯಿ ಮುಚ್ಚಿ, “ಬತ್ತೀನಿ ಅನ್ನು, ಬತ್ತೀನಿ ಅನ್ನು ಮುಂಡೇದೆ” ಎಂದು ಅನ್ನಿಸುವ ತನಕ ಬಿಡುತ್ತಿರಲಿಲ್ಲ. ಅವ್ವ ಹಾಗೆ ಓಡಿಬರಲಿ ಅಂತಲೇ ಅವನು ಅನ್ನುತ್ತಿದ್ದದ್ದು. ಅದು ಅವರಿಬ್ಬರ ಆಟ.

ಒಂದು ವರ್ಷ ಕಾರ್ತೀಕದಲ್ಲಿ ಅವನಿಗೆ ಚಳಿಜ್ವರ ಹಿಡಿಯಿತು. ನಾಟಿ ಔಷಧಿಗೆ ಇಳಿಯಲಿಲ್ಲ. ಮೈ ಕೆಂಡವಾಗಿ ಕಣ್ಣು ಮೇಲೆ ಹೋದಾಗ ಅಪ್ಪ ಗಾಡಿ ಕಟ್ಟಿಸಿ ಮಂಡ್ಯದ ಆಸ್ಪತ್ರೆಗೆ ಹೊರಟ. ಅವ್ವ ತುಂಬು ಬಸುರಿ, ಗಾಡಿ ಹತ್ತುವ ಹಾಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದಳು. ಕಂಬಳಿಯೊಳಗಿಂದ ತಮ್ಮ ಕಣ್ಣು ಬಿಟ್ಟು, ಅವ್ವನನ್ನು ನೋಡಿ, ಒಣಗಿದ ತುಟಿಯಲ್ಲೇ ನಕ್ಕು, “ಅವ್ವಾ, ಓಯ್ತೀನಿ” ಅಂದ. ಅವ್ವ ಬಾಯಿ ತೆರೆಯುವಷ್ಟರಲ್ಲಿ ಎತ್ತುಗಳು ಮುಂದೆ ಹೆಜ್ಜೆ ಹಾಕಿದ್ದವು.

ಮದ್ದೂರು ದಾಟುವ ಮೊದಲೇ ಅವನು ಹೋಗಿಬಿಟ್ಟ.

ಆ ವಾರವೇ ಅವ್ವನಿಗೆ ಹೆರಿಗೆಯಾಯಿತು. ಹೆಣ್ಣು. ಅವ್ವ ಕೂಸಿನ ಕಡೆ ತಿರುಗಲೂ ಇಲ್ಲ. ಬಾಣಂತಿ ಕೋಣೆಯ ಗೋಡೆಗೆ ಮುಖ ಹಾಕಿ ಮಲಗಿದವಳು ಒಂದೇ ಮಾತು: “ಬತ್ತೀನಿ ಅನ್ನಿಸ್ನಿಲ್ವಲ್ಲ.” ಅಜ್ಜಿ ಬೈದಳು, ಅತ್ತಳು, ಕೂಸನ್ನು ತಂದು ಮಗ್ಗುಲಲ್ಲಿ ಮಲಗಿಸಿದಳು. ಅವ್ವ ಅದು ಬಟ್ಟೆಯ ಕಂತೆಯೇನೋ ಎಂಬಂತೆ ಸರಿದು ಜಾಗ ಬಿಟ್ಟಳು. ಹಸುವಿನ ಹಾಲಿಗೆ ಬತ್ತಿ ಅದ್ದಿ ಅಜ್ಜಿ ಕೂಸಿನ ಬಾಯಿಗೆ ಹಿಂಡುತ್ತಿದ್ದಳು. ಕೂಸು ದಿನದಿನಕ್ಕೆ ಬಡವಾಯಿತು. ಅಳುವ ದನಿ ಬೆಕ್ಕಿನ ಮರಿಯಂತಾಯಿತು. “ಇನ್ನೊಂದ್ ಅಮಾಸೆ ಕಾಣಾಕಿಲ್ಲ ಇದು” ಎಂದು ಸೂಲಗಿತ್ತಿ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು.

ನಾನು ಹೊಳೆದಂಡೆಗೆ ಹೋದೆ. ಬೇರೆ ಯಾರ ಹತ್ತಿರ ಹೇಳಬೇಕೋ ಗೊತ್ತಿರಲಿಲ್ಲ. ತಾತ ಬಲೆ ಹೆಣೆಯುತ್ತಾ ಕೂತಿದ್ದ. ತಮ್ಮ ಸತ್ತದ್ದು ಅವನಿಗೆ ಗೊತ್ತಿತ್ತು, ಅಂದಿನಿಂದ ಆಟವನ್ನೇ ಕಟ್ಟಿರಲಿಲ್ಲ. ಅವ್ವ ಹಿಡಿದ ಮಾತು ಯಾವುದೆಂದು ಗೊತ್ತಿರಲಿಲ್ಲ. ನಾನು ಹೇಳಿದೆ. ಬಲೆಯ ದಾರ ಅವನ ಕೈಯಲ್ಲಿ ನಿಂತುಹೋಯಿತು.

“ದಾರಿಗೆ ಕಿವಿ ಇಲ್ಲ ಕಣವ್ವ” ಅಂದ. “ಅದ ನಾನು ಕಟ್ಟಿದ್ದು.”

ಆಮೇಲೆ, ನನಗೆ ಹೇಳುತ್ತಿದ್ದಾನೋ ಹೊಳೆಗೆ ಹೇಳುತ್ತಿದ್ದಾನೋ ಎಂಬಂತೆ ಹೇಳಿದ. ಅವನು ಹುಡುಗನಾಗಿದ್ದಾಗ ಪ್ಲೇಗು ಬಂದು ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಅಪ್ಪ ಅವ್ವ ಇಬ್ಬರೂ ತೀರಿಕೊಂಡರು. ತಂಗಿಯನ್ನು ಕೊಳ್ಳೇಗಾಲದ ಕಡೆಗೆ ಹೊರಟಿದ್ದ ಇನ್ನೊಂದು ಮೇಳದವರು ತಮ್ಮ ಗಾಡಿಗೆ ಹತ್ತಿಸಿಕೊಂಡರು. ಅವಳು ಗಾಡಿಯಿಂದ “ಓಯ್ತೀನಿ ಕಣಣ್ಣಾ” ಅಂದಳು. ಇವನು ಸಿಟ್ಟಿನಲ್ಲಿ ಮಾತಾಡಲಿಲ್ಲ. ದೊಡ್ಡವನಾದ ಮೇಲೆ ಎಷ್ಟು ಹುಡುಕಿದರೂ ಆ ಮೇಳವೇ ಸಿಗಲಿಲ್ಲ.

“ಅವಳ ಮೊಕವೂ ಮರ್ತೋಯ್ತು. ಅದ್ಕೆ ಈ ಬೊಂಬೆ ಕೊರ್ದೆ, ಈ ಕತೆ ಕಟ್ದೆ. ಯಾವ್ದಾರ ಊರಲ್ಲಿ ಜನದ ಮಧ್ಯೆ ಕುಂತು ನೋಡುದ್ರೆ ಅವಳೇ ಗುರ್ತು ಇಡೀತಾಳೆ, ‘ಇದು ನಮ್ ಕತೆ ಕಣಣ್ಣ’ ಅಂತ ಎದ್ದು ಬತ್ತಾಳೆ ಅಂತ. ಅವಳು ಬರಗಂಟ ಇದ ಮುಗಿಸ್ಬಾರ್ದು ಅಂತ ಇದ್ದೆ.”

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ತಾತ ಪುಟ್ಟಿ ಹೊತ್ತು ನಮ್ಮ ಬಾಗಿಲಿಗೆ ಬಂದ. ಅಜ್ಜಿ ಮೊರದಲ್ಲಿದ್ದ ರಾಗಿಯನ್ನು ಅಲ್ಲೇ ಬಿಟ್ಟು ಎದ್ದು ನಿಂತಳು. “ಇನ್ಯಾರ್ನ ಕಳಿಸ್ಬೇಕು ಅಂತ ಬಂದ್ಯಪ್ಪ? ನಿನ್ ಬಾಯ್ಗೆ ನನ್ ಮೊಮ್ಮಗ ಓದ. ಇನ್ನೂ ಸಾಲ್ದಾ?”

ತಾತ ತಲೆ ತಗ್ಗಿಸಿ, “ಕಳಿಸಾಕಲ್ಲ ಅವ್ವ. ಒಬ್ರ ವಾಪಸ್ ಕರ್ಕಬರಾಕಾಯ್ತದಾ ನೋಡ್ತೀನಿ. ಆಗ್ದೆ ಓದ್ರೆ ಈ ಊರಲ್ಲಿ ಇರಾಕಿಲ್ಲ” ಅಂದ. ಅಜ್ಜಿ ಅಪ್ಪನ ಕಡೆ ನೋಡಿದಳು. ಅಪ್ಪ ಒಳಗೆ ಹೋಗಿ ತನ್ನ ಮಡಿಪಂಚೆ ತಂದುಕೊಟ್ಟ.

ಬಾಣಂತಿ ಕೋಣೆಗೆ ಜಗಲಿಯ ಕಡೆ ಒಂದು ಕಿಟಕಿಯಿತ್ತು. ತಾತ ಒಳಗೆ ಬರುವ ಹಾಗಿರಲಿಲ್ಲ. ಜಗಲಿಯ ಕಡೆಯಿಂದ ಕಿಟಕಿಗೆ ಪಂಚೆ ಕಟ್ಟಿ, ಹಿಂದೆ ಹೊಂಗೆಎಣ್ಣೆ ದೀಪ ಇಟ್ಟುಕೊಂಡು ಕೂತ. ಕೋಣೆಯೊಳಗೆ ಅವ್ವ, ನಾನು, ಕೂಸು. ಕಿಟಕಿಯ ಸರಳುಗಳ ಆಚೆಗೆ ಪಂಚೆ ಹಳದಿಯಾಗಿ ಬೆಳಗಿತು. ಅವ್ವ ಗೋಡೆಯ ಕಡೆಗೇ ತಿರುಗಿದ್ದಳು.

ಕೆಂಪು ಅಂಗಿಯ ಅಣ್ಣ ಮತ್ತು ಹಸಿರು ಲಂಗದ ತಂಗಿ ಬಂದರು. ಮಂಕುಸೀಮೆಯಿಂದ ನಡೆದು ನಡೆದು ತಮ್ಮ ಮನೆಯ ಬಾಗಿಲಿಗೆ ಬಂದುಬಿಟ್ಟಿದ್ದಾರೆ ಎಂದು ತಾತನ ದನಿ ಹೇಳಿತು. ಇಷ್ಟು ವರ್ಷದಲ್ಲಿ ಅವರು ಬಾಗಿಲು ಮುಟ್ಟಿದ್ದು ಅದೇ ಮೊದಲು. ಬಾಗಿಲಿಂದ ಒಬ್ಬರು ಮಾತ್ರ ಒಳಗೆ ಹೋಗಬಹುದಂತೆ, ಇನ್ನೊಬ್ಬರು ಬೇರೆ ದಾರಿ ಹಿಡಿಯಬೇಕಂತೆ. ಅಣ್ಣ ತಂಗಿಯನ್ನು ಮುಂದೆ ತಳ್ಳಿದ. ತಾನು ಹಿಂದೆ ಸರಿದು ನಿಂತ. ಆಮೇಲೆ ತಾತ ಸಣ್ಣ ಹುಡುಗನ ದನಿ ತೆಗೆದ.

“ಅವ್ವಾ, ಓಯ್ತೀನಿ.”

ಅವ್ವನ ಬೆನ್ನು ಸೆಟೆಯಿತು.

ಬೊಂಬೆ ಅಲ್ಲಾಡಲಿಲ್ಲ. ಕಥೆ ಮುಂದಕ್ಕೆ ಹೋಗಲಿಲ್ಲ. ತಾತನ ಬಳಿ ಅವ್ವನ ಬೊಂಬೆ ಇರಲಿಲ್ಲ, ಆ ಕಥೆಯಲ್ಲಿ ಅವ್ವ ಎಂದೂ ಮಾತಾಡಿರಲೇ ಇಲ್ಲ. ದೀಪ ಒಂದೇ ಸಮ ಉರಿಯಿತು. ಮತ್ತೆ ಅದೇ ದನಿ, ಇನ್ನೂ ಮೆಲ್ಲಗೆ: “ಅವ್ವಾ, ಓಯ್ತೀನಿ.” ಮತ್ತೆ ಕಾದ. ಹೊರಗೆ ಅಜ್ಜಿ ಮೂಗು ಒರೆಸಿಕೊಂಡದ್ದು ಕೇಳಿಸಿತು. ನಾನೇ ಏನಾದರೂ ಹೇಳಿಬಿಡೋಣ ಎನ್ನಿಸಿತು, ಆದರೆ ಅದು ನನ್ನ ಮಾತಲ್ಲ ಎಂದು ನನಗೂ ತಿಳಿಯುತ್ತಿತ್ತು.

ಅವ್ವ ನಿಧಾನಕ್ಕೆ ಈ ಕಡೆ ಹೊರಳಿದಳು. ಸರಳುಗಳಾಚೆ ನಿಂತ ಕೆಂಪು ಅಂಗಿಯ ನೆರಳನ್ನು ನೋಡಿದಳು.

“ಓಗ್ ಬಾ ಮಗ. ಓಗ್ ಬಾ ನನ್ನಪ್ಪ.”

ಹೊರಡುವವರು ಏನಾದರೂ ಅನ್ನಲಿ, ಕಳಿಸುವವರು ‘ಹೋಗಿ ಬಾ’ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೋಗುವುದೂ ಬರುವುದೂ ಆ ಒಂದೇ ಮಾತಿನಲ್ಲಿದೆ. ಆ ದಿನ ಗಾಡಿ ಹೊರಟ ಗಡಿಬಿಡಿಯಲ್ಲಿ ಅವ್ವನ ಬಾಯಲ್ಲೇ ಉಳಿದುಹೋದ ಮಾತನ್ನು ತಾತ ಬಂದು ಹೊರಗೆ ತೆಗೆಸಿದ. ಕೆಂಪು ಅಂಗಿಯ ಅಣ್ಣ ತಲೆ ಬಾಗಿಸಿದ. ತಾತ ಅವನನ್ನು ಪಂಚೆಯಿಂದ ದೀಪದ ಕಡೆಗೆ ಎಳೆದುಕೊಂಡ ಹಾಗೆ ನೆರಳು ದೊಡ್ಡದಾಗಿ, ಮಬ್ಬಾಗಿ, ಕೋಣೆಯನ್ನೆಲ್ಲ ಒಂದು ಸಲ ಕೆಂಪಗೆ ಮಾಡಿ ಇಲ್ಲವಾಯಿತು. ಪಂಚೆಯ ಮೇಲೆ ತಂಗಿಯೊಬ್ಬಳೇ ಉಳಿದಳು.

“ಅವ್ವಾ, ನಾನಿವ್ನಿ. ಒಳೀಕ್ ಬರ್ಲಾ?” ಅಂದಿತು ಆ ಪುಟ್ಟ ಬೊಂಬೆ.

ಅವ್ವ ಗೋಳೋ ಎಂದು ಅತ್ತಳು. ತಮ್ಮ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅಳುತ್ತಲೇ ಕೈಚಾಚಿ ಮಗ್ಗುಲಲ್ಲಿದ್ದ ಕೂಸನ್ನು ತಡವಿ, ಎತ್ತಿ ಎದೆಗೆ ಹಾಕಿಕೊಂಡಳು. ಬತ್ತಿಯ ಹಾಲು ಚೀಪಿ ಸೋತಿದ್ದ ಕೂಸಿಗೆ ಮೊಲೆ ಹಿಡಿಯಲೂ ಬರಲಿಲ್ಲ. ಅಜ್ಜಿ ಒಳಗೆ ನುಗ್ಗಿ ಹಿಡಿಸಿದಳು.

ತಾತ ಪಂಚೆ ಬಿಚ್ಚಿ ಮಡಿಸಿ ಜಗಲಿಯ ಮೇಲಿಟ್ಟು ಹೊರಟಿದ್ದ. ಅವ್ವ ಕಿಟಕಿಯಿಂದಲೇ ಕರೆದಳು. ಅಲ್ಲಿಯ ತನಕ ಊರಿನ ಇತರರಂತೆ ಅವಳೂ ಅವನನ್ನು “ಏನಯ್ಯ, ಬೊಂಬೆಯವ್ನೆ” ಅನ್ನುತ್ತಿದ್ದಳು. ಆವತ್ತು, “ಅಣ್ಣಾ, ಉಂಡ್ಕೊಂಡ್ ಓಗು” ಅಂದಳು. ತಾತ ನಿಂತ. ಹುಬ್ಬಿಲ್ಲದ ಆ ಮುಖದಲ್ಲಿ ಏನಾಯಿತೆಂದು ಹೇಳಲಾರೆ. ಯಾವತ್ತೂ “ಉಂಡೆ” ಅನ್ನುತ್ತಿದ್ದವನು “ಉಂಡಿಲ್ಲ ಕಣವ್ವ” ಅಂದು ಜಗಲಿಯ ಮೇಲೆ ಕೂತ. ಅಂದಿನಿಂದ ನನಗೆ ಅವನು ತಾತನಲ್ಲ, ಮಾವ. ಬಾಯಿಗೆ ರೂಢಿಯಾಗಲು ಸ್ವಲ್ಪ ದಿನ ಹಿಡಿಯಿತು.

ಕಥೆ ಮುಗಿದಿತ್ತು. ಬೊಂಬೆ ಆಡಿಸುವವರ ಪೈಕಿ, ಆಡಿ ಮುಗಿದ ಬೊಂಬೆಯನ್ನು ಎಸೆಯುವಂತಿಲ್ಲ, ಸತ್ತವರಿಗೆ ಮಾಡುವ ಹಾಗೆ ಅರಿಶಿನ ಕುಂಕುಮವಿಟ್ಟು ಹೊಳೆಗೆ ಬಿಡಬೇಕು. ಒಂದು ಬೆಳಗ್ಗೆ ಮಾವ ನನ್ನನ್ನೂ ಕರೆದುಕೊಂಡು ಹೋದ. ಅಣ್ಣತಂಗಿಯನ್ನು ಒಂದೇ ಬಾಳೆಲೆಯ ಮೇಲೆ ಮಲಗಿಸಿ ನೀರಿಗೆ ಬಿಟ್ಟ. ಇನ್ನು ಆ ಕಥೆ ಯಾವ ಊರಿನಲ್ಲೂ ಆಡುವಂತಿಲ್ಲ, ಅದನ್ನು ನೋಡಿ ಗುರುತು ಹಿಡಿದು ಯಾರೂ ಎದ್ದು ಬರುವಂತಿಲ್ಲ. ಅದು ನನಗೆ ಅರ್ಥವಾಗಿ ಅಳು ಬಂತು. ಮಾವ ಅಳಲಿಲ್ಲ. ಮಡಿಲಿನಿಂದ ಸಣ್ಣ ಉಳಿ ತೆಗೆದು ಕಣ್ಣಿಲ್ಲದವನಿಗೆ ಎರಡು ಕಣ್ಣು ಕೊರೆದ. “ಪಾಪ, ಕುರುಡುನ್ ಮಾಡಿ ಕಳುಸ್ಬಾರ್ದು” ಎಂದು ಅವನನ್ನೂ ಬಿಟ್ಟ.

ಆಮೇಲೆ ಅವನು ಮೀನು ಹಿಡಿದುಕೊಂಡೇ ಇದ್ದ. ಮಕ್ಕಳು ಪೀಡಿಸಿದರೆ ಕೈಬೆರಳಲ್ಲಿ ಮೊಲ, ನವಿಲು ಮಾಡಿ ತೋರಿಸುವನು, ಅದರಲ್ಲಿ ಹೆದರಿಕೆ ಇರುತ್ತಿರಲಿಲ್ಲವಾದ್ದರಿಂದ ಮಕ್ಕಳಿಗೆ ಬೇಗ ಬೇಜಾರಾಯಿತು. ಮೀನಿನಲ್ಲಿ ಒಳ್ಳೆಯದು ಸಿಕ್ಕಿದರೆ ನಮ್ಮ ಮನೆಗೆ ಬರುತ್ತಿತ್ತು. ಗೌರಿಹಬ್ಬಕ್ಕೆ ಅವ್ವನಿಗೆ ಬಳೆಗೆಂದು ಏನಾದರೂ ತಂದುಕೊಡುತ್ತಿದ್ದ, ತವರಿನವರು ಕೊಟ್ಟ ಹಾಗೆ. ಗಾಡಿ ಹತ್ತಿ ಹೋದ ಅವನ ತಂಗಿಯ ಕಥೆಯನ್ನು ನಾನು ಅವ್ವನಿಗೆ ಎಂದೋ ಹೇಳಿದ್ದೆ. ನನ್ನ ತಂಗಿ ಅವನ ಹೆಗಲ ಮೇಲೇ ಬೆಳೆದಳು ಅಂದರೂ ತಪ್ಪಿಲ್ಲ.

ಸ್ವಾತಂತ್ರ್ಯ ಬಂದ ವರ್ಷ, ಮೈಸೂರಿಗೆ ಹೋಗಿ ಜವಾಬ್ದಾರಿ ಸರ್ಕಾರ ಕೇಳುತ್ತೇವೆಂದು ಊರಿನ ಗಂಡಸರೆಲ್ಲ ಎದ್ದಿದ್ದ ದಿನಗಳಲ್ಲಿ, ಮಾವ ಮಂಟಪದಲ್ಲಿ ಮಲಗಿದ್ದವನು ಏಳಲಿಲ್ಲ. ಅವನ ಕಡೆಯವರು ಯಾರು, ಎಲ್ಲಿದ್ದಾರೆ, ಯಾರಿಗೂ ತಿಳಿಯದು. ಅಪ್ಪನೂ ನಮ್ಮ ಆಳುಗಳೂ ಸೇರಿ ಹೊಳೆಯ ಹತ್ತಿರ ಮಣ್ಣು ಮಾಡಿದರು.

ಮೂರನೇ ದಿನ ಹಾಲುತುಪ್ಪ ಬಿಡಬೇಕು. ನೆಂಟರಿಲ್ಲದ ಹೆಣಕ್ಕೆ ಯಾರು ಬಿಡುತ್ತಾರೆ ಎಂದು ಊರು ಸುಮ್ಮನಿತ್ತು. ಅವ್ವ ತಲೆಗೆ ನೀರು ಹಾಕಿಕೊಂಡು ಹಾಲಿನ ಚೊಂಬು ಹಿಡಿದು ಹೊರಟಳು. ಗೌಡರ ಮನೆಯ ಸೊಸೆ ಬೊಂಬೆಯವನ ಗುಂಡಿಗೆ ಹಾಲೆರೆಯುವುದೇ ಎಂದು ಬೀದಿಯಲ್ಲಿ ಗುಸುಗುಸು. ಅಜ್ಜಿ ತಡೆಯುತ್ತಾಳೆ ಅಂದುಕೊಂಡೆ. ಅಜ್ಜಿ ಒಳಗಿಂದ ತುಪ್ಪದ ಗಿಂಡಿ ತಂದು ಅವ್ವನ ಕೈಗಿಟ್ಟಳು. “ಜಾಸ್ತಿ ಬುಡವ್ವ. ಬದುಕಿದ್ದಾಗ ಎಂದೂ ಬಾಯ್ಬುಟ್ಟು ಕೇಳ್ದೋನಲ್ಲ” ಅಂದಳು.

ಹೊಳೆದಂಡೆಯಲ್ಲಿ ಸಾವಿನ ಕ್ರಿಯೆ ಮಾಡಿಸುವ ದಾಸಯ್ಯ ಕಾಯುತ್ತಿದ್ದ. ಯಾರು ಮೊದಲು ಬಿಡಬೇಕು, ಯಾರು ಆಮೇಲೆ ಎಂಬುದಕ್ಕೆಲ್ಲ ಕ್ರಮವುಂಟು, ಅದನ್ನು ಅವನು ಕೇಳಲೇಬೇಕು. ನನ್ನ ತಂಗಿ ಅವ್ವನ ಸೆರಗು ಹಿಡಿದು ನಿಂತಿದ್ದಳು.

“ಓದೋರ್ಗೆ ನೀವೇನಾಗ್ಬೇಕು ತಾಯಿ?” ಎಂದು ದಾಸಯ್ಯ ಸಂಕೋಚದಿಂದ ಕೇಳಿದ.

ಅವ್ವ ತುಪ್ಪದ ಗಿಂಡಿಯನ್ನು ಹಾಲಿನ ಚೊಂಬಿಗೆ ಬಗ್ಗಿಸುತ್ತಾ, ತಲೆ ಎತ್ತದೆ ಹೇಳಿದಳು.

“ತಂಗಿ ಕಣಪ್ಪ. ಚಿಕ್ಕೋಳಿದ್ದಾಗ ತಪ್ಪಿಸ್ಕಂಡಿದ್ದೆ.”